‘ಮೇಜವಾನಿ’ ಅಂದ್ರೆ ನಿಜವಾಗಿ ಏನು? ಮೇಜಿಗೂ ಇದಕ್ಕೂ ಸಂಬಂಧ ಇದೆಯಾ?

ಪುಟಕಿಂಡಿ:

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಬಹಳ ದಿನದಿಂದ ಕೇಳ್ಬೇಕು ಅಂತಿದ್ದೆ. ಪೇಪರಲ್ಲಿ ‘ಭರ್ಜರಿ ಮೇಜವಾನಿ’ ಅಂತ ಆಗಾಗ ಓದ್ತೀವಲ್ಲ, ಚುನಾವಣೆ ಟೈಮಲ್ಲಿ, ಇಲ್ಲಾ ಯಾರಾದ್ರೂ ದೊಡ್ಡ ಅಧಿಕಾರಿ ತಪಾಸಣೆಗೆ ಬಂದಾಗ, ಆ ಪದ. ನಮ್ಮ ಮನೆ ಮಾತಲ್ಲಿ ಇದು ಇಲ್ವೇ ಇಲ್ಲ. ಊಟ ಹಾಕಿಸೋದು, ಔತಣ ಕೊಡೋದು ಅಂತೀವಿ, ಈಗಿನ ಹುಡುಗ್ರು ಪಾರ್ಟಿ ಅಂತಾರೆ, ಅಷ್ಟೇ.

ಈಗ ಯಾಕೆ ಬೇಕಾಯ್ತು ಅಂದ್ರೆ ಒಂದು ಕಥೆ ಅನುವಾದ ಮಾಡ್ತಾ ಇದೀನಿ, ಅದ್ರಲ್ಲಿ ಒಬ್ಬ ಜಮೀನ್ದಾರ ನೆಂಟರನ್ನೆಲ್ಲ ಕರೆಸಿ ನಾಲ್ಕು ದಿನ ಮನೇಲಿ ಇಟ್ಕೊಂಡು ತಿನ್ಸಿ ಕುಡ್ಸಿ ಹಾಡು ಕುಣಿತ ಎಲ್ಲಾ ಏರ್ಪಾಟು ಮಾಡಿ ಕಳಿಸ್ತಾನೆ. ಅದಕ್ಕೆ ‘ಔತಣ’ ಹಾಕಿದ್ರೆ ಒಂದು ಹೊತ್ತಿನ ಊಟ ಅನ್ಸುತ್ತೆ. ‘ಆತಿಥ್ಯ’ ಅಂದ್ರೆ ಒಂದು ಲೋಟ ಕಾಫಿ ಕೊಟ್ರೂ ಆತಿಥ್ಯವೇ ತಾನೆ, ಆ ಅದ್ದೂರಿ ಬರಲ್ಲ. ‘ಮೇಜವಾನಿ’ ಸರಿಹೋಗುತ್ತೆ ಅಂತ ಮನಸ್ಸು ಹೇಳ್ತಿದೆ ಆದ್ರೆ ಪೇಪರ್ ಓದಿ ಓದಿ ಆ ಪದಕ್ಕೆ ಏನೋ ಲಂಚದ ವಾಸನೆ ಅಂಟಿಕೊಂಡಿದೆ ಅನ್ಸುತ್ತೆ. ನನ್ನ ಕಥೆಯ ಜಮೀನ್ದಾರ ಒಳ್ಳೆ ಮನುಷ್ಯ, ಪ್ರೀತಿಯಿಂದಲೇ ಕರೆಸ್ತಾನೆ.

ಹಂಗಾಗಿ ಕೇಳ್ತಿರೋದು, ಇದು ಬರೀ ಊಟಾನಾ ಅಥವಾ ಒಟ್ಟು ನೋಡ್ಕೊಳ್ಳೋದಾ, ಪದ ಎಲ್ಲಿಂದ ಬಂತು, ಮೇಜಿನ ಮೇಲೆ ಬಡಿಸೋದ್ರಿಂದ ಮೇಜವಾನಿನಾ? ಕೆಲವರು ‘ಮೇಜುವಾನಿ’ ಅಂತಲೂ ಬರೀತಾರೆ, ಯಾವುದು ಸರಿ?

ಬೆಳವಲದ ಗಾಳಿ:

ನಮ್ಮ ಕಡೆ ಇದು ಪೇಪರಿನ ಪದ ಅಲ್ರೀ. ವಿಜಾಪುರ, ಬೆಳಗಾವಿ, ಬಾಗಲಕೋಟಿ ಎಲ್ಲಿ ಹೋದ್ರೂ ಮಂದಿ ಬಾಯಾಗ ಐತಿ, ಹಳ್ಯಾಗ ಸಾಲಿಗೆ ಹೋಗದ ಮುದುಕೀನೂ ಮೇಜವಾನಿ ಅಂತಾಳ. ಅಕಿಗೆ ಲಂಚ ನೆನಪಾಗೂದಿಲ್ಲ, ಅಳಿಯ ನೆನಪಾಗ್ತಾನ.

ಬರೇ ಊಟ ಹಾಕಿದ್ರ ಅದು ಊಟ. ಮೇಜವಾನಿ ಅಂದ್ರ ಬಂದವ್ರನ್ನ ಬಾಗಲದಾಗ ಎದುರುಗೊಂಡಾಗಿಂದ ಹಿಡದು ಗಾಡಿ ಹತ್ತಿಸಿ ಕಳಸೂತನಕ ನಡಿಯೂದೆಲ್ಲಾ ಅದರಾಗ ಬರ್ತೈತಿ. ಹೊಸಾ ಅಳಿಯ ಮೊದಲನೇ ಸಲ ಬಂದಾಗ ನೋಡಬೇಕ್ರಿ, ಕಾಲಿಗೆ ನೀರು ಕೊಡೂದು, ಜಮಖಾನಿ ಹಾಸಿ ಲೋಡು ಇಟ್ಟು ಕುಂಡ್ರಸೂದು, ಚಹಾ ಆದಮ್ಯಾಲ ಚುರುಮುರಿ ಮಿರ್ಚಿ, ಮಧ್ಯಾಹ್ನ ಹೋಳಗಿ ಮ್ಯಾಲ ತುಪ್ಪ ಸುರಿಯೂದು, ಅಂವ ಸಾಕು ಅಂತ ಕೈ ಅಡ್ಡಾ ಹಿಡದ್ರ ಕೈ ಮ್ಯಾಲೇ ಸುರಿಯೂದು, ಹೊಂಟೆ ಅಂದ್ರ ಚೀಲ ತಗೊಂಡು ಒಳಗಿಟ್ಟು ಇನ್ನೊಂದಿನ ಇರ್ರಿ ಅನ್ನೂದು, ಕಡೀಕೆ ಆಯೇರಿ ಮಾಡಿ, ಅಂದ್ರ ಬಟ್ಟಿ ಕೊಟ್ಟು, ಕಳಸೂದು. ಇಷ್ಟೂ ಕೂಡಿ ಮೇಜವಾನಿ. ಇದರಾಗ ಊಟ ಒಂದು ಭಾಗ, ದೊಡ್ಡ ಭಾಗ ಖರೆ, ಆದ್ರ ಒಂದು ಭಾಗ.

‘ಮೇಜವಾನಿ ಮಾಡಿದ್ರು’ ಅಂತ ಹೇಳೂದು ಜಾಸ್ತಿ, ‘ಮೇಜವಾನಿ ಕೊಟ್ರು’ ಅಂತನೂ ಅಂತಾರ. ನಾನು ಕೇಳಿದ ಮಟ್ಟಿಗೆ ಈ ಎರಡರಾಗ ಸಣ್ಣ ಫರಕ ಐತಿ, ಮಾಡಿದ್ರು ಅಂದ್ರ ಎಲ್ಲಾ ನೋಡ್ಕೊಂಡ್ರು ಅಂತ, ಕೊಟ್ರು ಅಂದ್ರ ಒಂದು ದೊಡ್ಡ ಊಟಾ ಕೊಟ್ರು ಅಂತ. ನಿಮ್ಮ ಕಥ್ಯಾಗ ನಾಲ್ಕ ದಿನದ್ದು ಅಂದ್ರ ‘ಮಾಡಿದ’ ಬರೀರಿ.

ಇನ್ನೊಂದು ಪದಾನೂ ಐತಿ ನೋಡ್ರಿ, ‘ಸರಬರಾಯಿ’. ಬಂದವ್ರಿಗೆ ಏನು ಬೇಕು ಏನು ಬ್ಯಾಡ ಅಂತ ಓಡ್ಯಾಡಿ ನೋಡ್ಕೊಳ್ಳೂದಕ್ಕ ಸರಬರಾಯಿ ಅಂತೀವಿ. ಮೇಜವಾನಿ ಯಜಮಾನಂದು, ಸರಬರಾಯಿ ಓಡ್ಯಾಡವ್ರದು, ಹಂಗ ತಿಳ್ಕೋರಿ.

ಮೂಲ ಎಲ್ಲಿದು ಅನ್ನೂದು ತಿಳದವ್ರು ಹೇಳ್ಲಿ.

ಪಡುವಣ ಕಡಲು:

ಮೂಲ ನಾನು ಹೇಳ್ತೇನೆ. ‘ಮೇಜು’ ಪೋರ್ಚುಗೀಸರಿಂದ ಬಂದ ಪದ. ಅವರ ಭಾಷೆಯಲ್ಲಿ ಮೇಜಿಗೆ ‘ಮೇಜಾ’, ಅದು ಲ್ಯಾಟಿನ್ನಿನ ‘ಮೆನ್ಸಾ’ದಿಂದ ಬಂದದ್ದು. ನಮ್ಮಲ್ಲಿ ಅಲಮಾರು, ಚಾವಿ, ಬಟಾಟೆ, ಪಗಾರ, ಅನಾನಸು ಎಲ್ಲ ಅವರಿಂದಲೇ ಬಂದದ್ದಲ್ವಾ, ಅದೇ ಸಾಲಿಗೆ ಇದೂ ಸೇರ್ತದೆ. ಅವರು 1510ರಲ್ಲಿ ಗೋವಾ ಹಿಡಿದು ಕೂತವರು ನಾಲ್ಕೂವರೆ ಶತಮಾನ ಅಲ್ಲೇ ಇದ್ದರು. ನಾವು ನೆಲದ ಮೇಲೆ ಎಲೆ ಹಾಕಿ ಕೂತು ಉಣ್ಣುವವರು, ಮೇಜಿನ ಮೇಲೆ ಬಟ್ಟೆ ಹಾಸಿ ತಟ್ಟೆ ಗ್ಲಾಸು ಜೋಡಿಸಿ ಬಡಿಸುವ ಊಟ ನೋಡಿದವರಿಗೆ ಅದೇ ದೊಡ್ಡ ಅದ್ದೂರಿಯಾಗಿ ಕಂಡಿರ್ತದೆ, ಹಾಗಾಗಿ ಮೇಜಿನ ಊಟ ಮೇಜವಾನಿ ಆಯ್ತು. ಇದರಲ್ಲಿ ಗೊಂದಲ ಏನಿಲ್ಲ ಅಂತ ನನಗೆ ಕಾಣ್ತದೆ.

ಅಕ್ಷರ ಅಲೆಮಾರಿ:

ಪಡುವಣ ಕಡಲು ಅವರೇ, ‘ಮೇಜು’ ಪೋರ್ಚುಗೀಸಿಂದ ಬಂತೋ ಪಾರ್ಸಿಯಿಂದ, ಅಂದ್ರೆ ಇರಾನಿನ ಭಾಷೆಯಿಂದ, ಬಂತೋ ಅಂತ ವಾದ ಮಾಡೋಕೆ ಜಾಗ ಇದೆ, ಎರಡು ಕಡೆನೂ ವಿದ್ವಾಂಸರಿದ್ದಾರೆ. ಆದ್ರೆ ‘ಮೇಜವಾನಿ’ ವಿಷಯದಲ್ಲಿ ಪೋರ್ಚುಗೀಸರಿಗೆ ಪಾಲೇ ಇಲ್ಲ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದಿಳಿದದ್ದು 1498ರಲ್ಲಿ. ‘ಮೇಜ್‌ಬಾನ್’ ಅನ್ನೋ ಪದ 1010ರ ಸುಮಾರಿಗೆ ಮುಗಿದ, ಪಾರ್ಸಿ ಕವಿ ಫಿರ್ದೌಸಿಯ ಮಹಾಕಾವ್ಯ ಶಾಹ್‌ನಾಮಾದಲ್ಲೇ ಇದೆ, ಬಹ್ರಾಮ್ ಗೋರ್ ದೊರೆ ಗುರುತು ಮರೆಸ್ಕೊಂಡು ಯಾರ್ಯಾರದೋ ಮನೇಲಿ ರಾತ್ರಿ ತಂಗೋ ಕಥೆಗಳಲ್ಲಿ ಮನೆಯ ಯಜಮಾನನಿಗೆ ಅದೇ ಪದ. ಅಂದ್ರೆ ಪೋರ್ಚುಗೀಸ್ ಹಡಗು ಬರೋಕೆ ಐನೂರು ವರ್ಷ ಮುಂಚೆನೇ ಪಾರ್ಸಿಯಲ್ಲಿ ಪದ ಚಲಾವಣೆಯಲ್ಲಿತ್ತು.

ಪದ ಬಿಡಿಸಿ ನೋಡೋಣ. ಮೇಜ್ + ಬಾನ್ + ಈ. ಇದ್ರಲ್ಲಿ ‘ಬಾನ್’ ಅಂದ್ರೆ ಕಾಯೋನು, ನೋಡ್ಕೊಳ್ಳೋನು. ದರ್ ಅಂದ್ರೆ ಬಾಗಿಲು, ಬಾಗಿಲು ಕಾಯೋನು ದರ್‌ಬಾನ್, ನಮ್ಮ ಬಾಯಲ್ಲಿ ದರವಾನ. ಬಾಗ್ ಅಂದ್ರೆ ತೋಟ, ತೋಟ ನೋಡ್ಕೊಳ್ಳೋನು ಬಾಗ್‌ಬಾನ್, ನಮ್ಮಲ್ಲಿ ಬಾಗವಾನ, ಈಗಲೂ ಹಣ್ಣು ತರಕಾರಿ ವ್ಯಾಪಾರದ ಮನೆತನಗಳಿಗೆ ಆ ಅಡ್ಡಹೆಸರಿದೆ. ಗಾಡಿ ನಮ್ಮದೇ ಪದ ಆದ್ರೂ ಅದಕ್ಕೆ ಇದೇ ಬಾಲ ಹಚ್ಚಿ ಗಾಡಿವಾನ ಮಾಡ್ಕೊಂಡ್ವಿ. ಹಂಗೇ ಮೇಜ್ ನೋಡ್ಕೊಳ್ಳೋನು ಮೇಜ್‌ಬಾನ್, ಅಂದ್ರೆ ಅತಿಥಿಗಳನ್ನ ಕರೆದು ಉಪಚರಿಸೋ ಮನೆಯ ಯಜಮಾನ. ಕಡೇಲಿರೋ ‘ಈ’ ಇದೆಯಲ್ಲ, ಅದು ಆ ಮನುಷ್ಯನ ಕೆಲಸವನ್ನ ಹೇಳುತ್ತೆ. ನೌಕರ ನೌಕರಿ, ಚಾಕರ ಚಾಕರಿ, ದೋಸ್ತ ದೋಸ್ತಿ, ಹಂಗೇ ಮೇಜವಾನ ಮೇಜವಾನಿ. ನಾವು ‘ಮೇಜವಾನ’ನನ್ನ ಬಿಟ್ಟು ಅವನ ಕೆಲಸದ ಹೆಸರನ್ನ ಮಾತ್ರ ಇಟ್ಕೊಂಡ್ವಿ, ಅದೂ ಕ್ರಮೇಣ ಅವನು ಕೊಡೋ ಊಟಕ್ಕೇ ಹೆಸರಾಯ್ತು.

ಹಂಗಾಗಿ ‘ಮೇಜುವಾನಿ’ ಅಂತ ಬರೆಯೋದು ಬೇಡ. ಅದು ಕನ್ನಡದ ಮೇಜು ಕಿವಿಯಲ್ಲಿ ಕೂತು ತಿದ್ದಿರೋ ರೂಪ.

ಈಗ ‘ಬ’ ಯಾಕೆ ‘ವ’ ಆಯ್ತು? ಉರ್ದು ಮಾತಾಡೋರು ಇವತ್ತಿಗೂ ಮೇಜ್‌ಬಾನ್, ಮೇಜ್‌ಬಾನಿ ಅಂತಾನೇ ಅಂತಾರೆ. ಮರಾಠಿಯಲ್ಲಿ ಮಾತ್ರ ಮೇಜವಾನಿ. ಕನ್ನಡದ ರೂಪ ಅಕ್ಷರಕ್ಕೆ ಅಕ್ಷರ ಮರಾಠಿಯದೇ, ಅಲ್ಲಿಂದ ದಾಟಿ ಬಂದಿದೆ ಅನ್ನೋಕೆ ನನಗೆ ಇದೇ ದೊಡ್ಡ ಗುರುತು. ಬಳಕೆ ಹೆಚ್ಚಿರೋದು ಎಲ್ಲಿ ಅಂತ ನೋಡಿದ್ರೂ ಬೆಳವಲದ ಗಾಳಿ ಅವರು ಹೇಳಿದ ಜಿಲ್ಲೆಗಳೇ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರ್ಗಿ ಅದರ ರಾಜಧಾನಿ ಆಯ್ತು, ಆಮೇಲೆ ಬೀದರ್, ಆಮೇಲೆ ವಿಜಾಪುರದ ಆದಿಲ್‌ಶಾಹಿಗಳು 1686ರ ತನಕ, ಆಮೇಲೆ ಮೊಘಲರು, ಮರಾಠರು. ಇಷ್ಟು ಕಾಲ ಕಚೇರಿ, ಲೆಕ್ಕ, ದರ್ಬಾರು ಎಲ್ಲದ್ರಲ್ಲೂ ಪಾರ್ಸಿ ಪದಗಳು ಓಡಾಡಿವೆ. ಅರ್ಜಿ, ಜಮೀನು, ಫಿರ್ಯಾದಿ, ದಫ್ತರ, ಬಂದೋಬಸ್ತು ಇವೆಲ್ಲ ಹಂಗೆ ಉಳಿದದ್ದು. ದೊಡ್ಡೋರ ಮನೆ ಊಟದ ಪದವೂ ಅದೇ ದಾರೀಲಿ ಬಂತು. ‘ಸರಬರಾಯಿ’ನೂ ಪಾರ್ಸಿಯದೇ, ಸರ್‌ಬರಾಹೀ ಅಂತ. ಅದೇ ಪದ ಇನ್ನೊಂದು ವೇಷದಲ್ಲಿ ‘ಸರಬರಾಜು’ ಆಗಿ ನೀರು ಸರಬರಾಜು ಮಂಡಳಿ ತನಕ ಬಂದು ಕೂತಿದೆ. ಇನ್ನು ಜತೆಗೆ ಬರೋ ‘ಭರ್ಜರಿ’ ನೋಡಿ, ಮರಾಠಿಯಲ್ಲಿ ಭರಜರಿ ಅಂದ್ರೆ ಮೈತುಂಬ ಜರಿ ಇರೋ ಬಟ್ಟೆ, ಜರ್ ಅಂದ್ರೆ ಪಾರ್ಸಿಯಲ್ಲಿ ಚಿನ್ನ. ಜರತಾರಿ ಸೀರೆಯ ಮಾತು ಊಟಕ್ಕೆ ಹತ್ತಿಕೊಂಡು ‘ಭರ್ಜರಿ ಮೇಜವಾನಿ’ ಆಯ್ತು. ಈ ಜೋಡಿ ನನಗೆ ಬಹಳ ಇಷ್ಟ.

ಈಗ ಪುಟಕಿಂಡಿ ಅವರ ಮುಖ್ಯ ಪ್ರಶ್ನೆ, ‘ಮೇಜ್’ ಅಂದ್ರೆ ಟೇಬಲ್ಲೇನಾ? ಇವತ್ತಿನ ಪಾರ್ಸಿಯಲ್ಲಿ ಮೇಜ್ ಅಂದ್ರೆ ಟೇಬಲ್ಲೇ. ಆದ್ರೆ ಮೇಜ್‌ಬಾನ್ ಒಳಗಿರೋ ಮೇಜ್ ಅದಕ್ಕಿಂತ ಹಳೇದು ಅಂತ ಭಾಷಾಶಾಸ್ತ್ರ ಬಲ್ಲೋರು ತೋರಿಸ್ತಾರೆ. ಇಸ್ಲಾಂ ಬರೋಕೆ ಮುಂಚಿನ ಇರಾನಿನ ಭಾಷೆಯಲ್ಲಿ ‘ಮೇಜ್ದ್’ ಅಂತ ಪದ ಇತ್ತು, ದೇವರ ಮುಂದೆ ಇಟ್ಟು ಆಮೇಲೆ ಎಲ್ಲರೂ ಕೂತು ಹಂಚಿಕೊಂಡು ತಿನ್ನೋ ಆಹಾರ ಅಂತ ಅರ್ಥ. ಅದಕ್ಕೂ ಹಿಂದೆ ಅವೆಸ್ತಾದಲ್ಲಿ, ಅಂದ್ರೆ ಜರತುಷ್ಟ್ರನ ಮತದ ಪವಿತ್ರ ಗ್ರಂಥದಲ್ಲಿ, ‘ಮ್ಯಜ್ದ’. ಜರತುಷ್ಟ್ರನ ಮತದವರು, ನಮ್ಮ ಮುಂಬೈ ಪಾರಸಿಗಳು ವರ್ಷಕ್ಕೆ ಆರು ಸಲ ಮಾಡೋ ಗಹಂಬಾರ್ ಹಬ್ಬಗಳಲ್ಲಿ ಈ ಅರ್ಪಿಸಿ ಹಂಚಿ ಉಣ್ಣೋ ಪದ್ಧತಿ ಇವತ್ತಿಗೂ ಇದೆ. ಅಹುರ ಮಜ್ದಾ ಅನ್ನೋ ದೇವರ ಹೆಸರಿನಲ್ಲಿರೋ ಮಜ್ದಾ ಬೇರೆ, ಅದು ನಮ್ಮ ಮೇಧಾ ಅಂದ್ರೆ ಬುದ್ಧಿ, ಮೇಧಾವಿಯಲ್ಲಿ ಇರೋದು. ಎರಡನ್ನೂ ಕಲಸಬಾರದು. ಆದ್ರೆ ಅದೇ ಧ್ವನಿನಿಯಮ ಹಿಡಿದ್ರೆ, ಅವರ ‘ಅಜ್ದ್’ ಇರೋ ಕಡೆ ನಮ್ಮ ಸಂಸ್ಕೃತದಲ್ಲಿ ‘ಏಧ್’ ಬರುತ್ತೆ, ಅವರ ಮ್ಯಜ್ದಕ್ಕೆ ಋಗ್ವೇದದಲ್ಲಿ ಜೋಡಿಯಾಗಿ ಸಿಗೋದು ‘ಮಿಯೇಧ’, ಯಜ್ಞದಲ್ಲಿ ಅರ್ಪಿಸೋ ಆಹಾರ. ಅಶ್ವಮೇಧದ ‘ಮೇಧ’ವೂ ಇದರ ಬಳಗ ಅಂತ ಹಲವರ ಮತ.

ಅಂದ್ರೆ ನೋಡಿ, ಮೇಜವಾನಿಯ ಬುಡದಲ್ಲಿರೋದು ನೈವೇದ್ಯ. ಮರದ ಮೇಜು ಅಲ್ಲ. ದೇವರ ಮುಂದಿಟ್ಟ ಅನ್ನವನ್ನ ಕಾಯ್ದು, ಹಂಚಿ, ಎಲ್ಲರಿಗೂ ಸಿಗೋ ಹಂಗೆ ನೋಡ್ಕೊಳ್ಳೋನ ಕೆಲಸ. ಬೆಳವಲದ ಗಾಳಿ ಅವರು ಹೇಳಿದ್ರಲ್ಲ, ಮೇಜವಾನಿ ಯಜಮಾನಂದು ಅಂತ, ಅದು ಪದದ ಮೂಲಕ್ಕೆ ನೂರಕ್ಕೆ ನೂರು ಹೊಂದುತ್ತೆ. ಯಾವ ಪುಸ್ತಕ ನೋಡದೆ ಜನರ ಬಾಯಲ್ಲೇ ಆ ಅರ್ಥ ಉಳ್ಕೊಂಡು ಬಂದಿದೆ.

ಪಡುವಣ ಕಡಲು:

ಶಾಹ್‌ನಾಮಾದ ಮಾತು ಬಲವಾಗಿದೆ, ಮೇಜ್‌ಬಾನ್ ಪೋರ್ಚುಗೀಸರಿಗಿಂತ ಹಳೆಯದು ಅಂತ ಒಪ್ಪಲೇಬೇಕು. ಆದರೆ ಕರಾವಳಿಯಲ್ಲಿ ನಾವು ಮನೆಯಲ್ಲಿ ಹೇಳುವ ಮರದ ಮೇಜು ಪೋರ್ಚುಗೀಸೇ, ಅದನ್ನು ನಾನು ಬಿಡುವುದಿಲ್ಲ. ಅಲಮಾರು ಅವರದ್ದು, ಮೇಜು ಮಾತ್ರ ಇರಾನಿಂದ ಒಂಟಿಯಾಗಿ ಬಂತು ಅಂದರೆ ನಂಬುವುದು ಕಷ್ಟ.

ಒಂದು ಸೇರಿಸ್ತೇನೆ, ಇಂಗ್ಲಿಷಿನ ‘ಬ್ಯಾಂಕ್ವೆಟ್’ ಇದೆಯಲ್ಲ, ದೊಡ್ಡ ಹೋಟೆಲಿನವರು ಬ್ಯಾಂಕ್ವೆಟ್ ಹಾಲ್ ಅಂತ ಬೋರ್ಡ್ ಹಾಕ್ತಾರೆ, ಅದರ ಮೂಲದಲ್ಲಿ ನಿಜವಾಗಿಯೂ ಪೀಠೋಪಕರಣವೇ ಇರುವುದು. ಇಟಾಲಿಯನ್ನಿನ ‘ಬಾಂಕೆತ್ತೊ’, ಸಣ್ಣ ಬೆಂಚು. ಹಣ ಇಡುವ ಬ್ಯಾಂಕೂ ಅದೇ ಬೆಂಚಿನಿಂದಲೇ ಬಂದದ್ದು, ಲೇವಾದೇವಿಯವರು ಬೆಂಚಿನ ಮೇಲೆ ಹಣ ಹರಡಿಕೊಂಡು ಕೂರುತ್ತಿದ್ದರು. ಊಟಕ್ಕೆ ಕೂರುವ ಜಾಗದ ಹೆಸರು ಊಟಕ್ಕೆ ಬರುವುದು ಲೋಕದಲ್ಲಿ ಇಲ್ಲದ್ದೇನಲ್ಲ.

ಪುಟಕಿಂಡಿ:

ಇಷ್ಟೆಲ್ಲ ಇದೆ ಅಂತ ಅಂದ್ಕೊಂಡೇ ಇರ್ಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಷರ ಅಲೆಮಾರಿ ಅವರೇ, ಮಿಯೇಧದ ವಿಷಯ ಓದಿ ಮೈ ಜುಮ್ ಅಂತು.

ಇನ್ನೊಂದು ಕೇಳಲಾ? ಹಂಗಾದ್ರೆ ‘ಔತಣ’ ನಮ್ಮದೇ ಅಚ್ಚಗನ್ನಡ ಪದಾನಾ? ನೋಡೋಕೆ ಹಂಗೇ ಇದೆ, ಸಂಸ್ಕೃತದ ಹಂಗೆ ಕಾಣ್ಸಲ್ಲ. ಪಾರ್ಸಿ ಬರೋಕೆ ಮುಂಚೆ ಕನ್ನಡದವರು ಇಂಥ ಅದ್ದೂರಿ ಊಟಕ್ಕೆ ಏನಂತಿದ್ರು? ಕಥೆ ಸ್ವಲ್ಪ ಹಳೇ ಕಾಲದ್ದು, ಹಳೇ ಪದ ಸಿಕ್ಕಿದ್ರೆ ಒಂದೆರಡು ಕಡೆ ಬಳಸ್ಬಹುದು.

ತೆಂಗಿನ ತೋಪು:

ಔತಣ ನೋಡೋಕೆ ಎಷ್ಟು ಕನ್ನಡದ ಹಂಗಿದ್ರೂ ಅದು ಸಂಸ್ಕೃತದ ‘ಆಮಂತ್ರಣ’ ಸವೆದು ಆದದ್ದು. ನಂಬೋಕೆ ಕಷ್ಟ ಅನ್ಸುತ್ತೆ ಆದ್ರೆ ಒಂದೊಂದೇ ಮೆಟ್ಟಿಲು ಇಳಿದು ನೋಡಿದ್ರೆ ಗೊತ್ತಾಗುತ್ತೆ. ಎರಡು ಸ್ವರದ ಮಧ್ಯೆ ಸಿಕ್ಕಿಕೊಂಡ ‘ಮ’ ಪ್ರಾಕೃತದ ದಾರೀಲಿ ಬರುವಾಗ ‘ವ’ ಆಗೋದು ಮಾಮೂಲು, ಕುಮಾರ ಕುವರ ಆದ, ಶ್ರಮಣ ಸವಣ ಆದ. ‘ಮಂತ್ರ’ದ ‘ತ್ರ’ದಲ್ಲಿ ರಕಾರ ಬಿದ್ದುಹೋಗುತ್ತೆ. ಹಂಗೆ ಆಮಂತ್ರಣ, ಆವಂತಣ, ಅವುತಣ, ಔತಣ. ‘ಅವು’ ಅನ್ನೋದು ‘ಔ’ ಆಗೋದಕ್ಕೆ ಇನ್ನೊಂದು ಸಾಕ್ಷಿ ಬೇಕಂದ್ರೆ ನಮ್ಮ ಹೆಂಗಸರು ಜಡೆಗೆ ಹಾಕೋ ಚೌರಿ ನೋಡಿ, ಚಮರೀ, ಚವರಿ, ಚೌರಿ. ಮರಾಠಿಯಲ್ಲಿ ಇವತ್ತಿಗೂ ‘ಆವತಣ’ ಅಂದ್ರೆ ಊಟಕ್ಕೆ ಬನ್ನಿ ಅಂತ ಕರೆಯೋದು. ಅಲ್ಲಿ ಕರೆಯೋದಕ್ಕೇ ಹೆಸರಾಗಿ ನಿಂತಿದೆ, ನಮ್ಮಲ್ಲಿ ಕರೆದಿದ್ದು ಹೋಗಿ ಊಟವೇ ಆಯ್ತು.

‘ದಾವತ್’ ಕೂಡ ನೋಡಿ. ಅರಬ್ಬಿಯಲ್ಲಿ ಅದರ ಧಾತುವಿಗೆ ಕರೆ, ಕೂಗು ಅಂತ ಅರ್ಥ. ದಾವತ್ ಅಂದ್ರೆ ಕರೆ. ಅದೂ ಊಟವೇ ಆಗಿದೆ. ಅರಬ್ಬಿಗೂ ಸಂಸ್ಕೃತಕ್ಕೂ ಹುಟ್ಟಿನ ಸಂಬಂಧ ಇಲ್ಲ, ಆದ್ರೂ ಎರಡೂ ಕಡೆ ‘ಕರೆದರು’ ಅಂದ್ರೆ ‘ಉಣಿಸಿದರು’ ಅಂತಾನೇ ಅರ್ಥ ಬೆಳೆದಿದೆ. ದೇವರ ಪೂಜೆಯ ಹದಿನಾರು ಉಪಚಾರಗಳಲ್ಲೂ ಮೊದಲನೇದು ಆವಾಹನೆ, ಕರೆಯೋದು. ಆಮೇಲೆ ಆಸನ, ಪಾದಕ್ಕೆ ನೀರು, ಕೈಗೆ ನೀರು, ಸ್ನಾನ, ಬಟ್ಟೆ, ಗಂಧ, ಹೂವು, ನೈವೇದ್ಯ. ಬೆಳವಲದ ಗಾಳಿ ಅವರು ಅಳಿಯನಿಗೆ ಮಾಡೋದು ಅಂತ ಬರೆದ ಸಾಲನ್ನ ಇದರ ಪಕ್ಕ ಇಟ್ಟು ಓದಿ, ಕಾಲಿಗೆ ನೀರು, ಕೂರೋಕೆ ಜಮಖಾನ, ಊಟ, ಕೊನೆಗೆ ಬಟ್ಟೆ. ಹೆಚ್ಚುಕಡಿಮೆ ಒಂದೇ ಕ್ರಮ. ಷೋಡಶೋಪಚಾರ ಅನ್ನೋದೇ ಮನೆಗೆ ಬಂದ ದೊಡ್ಡವರನ್ನ ನೋಡ್ಕೊಳ್ಳೋ ರೀತಿಯನ್ನ ದೇವರಿಗೆ ಮಾಡಿದ್ದು.

ಸಂತರ್ಪಣೆಯ ದಾರಿ ಬೇರೆ. ಅದು ‘ತೃಪ್’ ಧಾತು, ತೃಪ್ತಿಯ ಮನೆಯದು. ಪಿತೃಗಳಿಗೆ ಬಿಡೋ ತರ್ಪಣವೂ ಅದೇ. ಚೆನ್ನಾಗಿ ತೃಪ್ತಿ ಆಗೋವರೆಗೆ ಹಾಕೋದು ಸಂತರ್ಪಣೆ, ಅದಕ್ಕೇ ದೇವಸ್ಥಾನದ ಅನ್ನಸಂತರ್ಪಣೆಯಲ್ಲಿ ಸಾಕು ಅನ್ನೋವರೆಗೆ ಬಡಿಸ್ತಾರೆ. ಇನ್ನು ‘ದಾಸೋಹ’ವನ್ನ ಈ ಸಾಲಿಗೆ ದಯವಿಟ್ಟು ತರಬೇಡಿ. ಹನ್ನೆರಡನೇ ಶತಮಾನದ ಶರಣರ ಬಾಯಲ್ಲಿ ಅದು ದಾಸಃ ಅಹಂ, ನಾನು ದಾಸ ಅನ್ನೋ ಭಾವ. ಉಣಿಸೋನು ಅಲ್ಲಿ ದೊಡ್ಡವನಲ್ಲ, ಉಣ್ಣೋಕೆ ಬಂದೋನು ದೊಡ್ಡವನು. ಅದ್ದೂರಿ ತೋರಿಸೋ ಜಮೀನ್ದಾರನಿಗೆ ಆ ಪದ ಹಾಕಿದ್ರೆ ಪದಕ್ಕೇ ಅನ್ಯಾಯ. ಕೆಲವು ಪತ್ರಿಕೆಯವರು ರಾಜಕೀಯದ ಊಟಕ್ಕೂ ದಾಸೋಹ ಅಂತ ಬರೀತಾರೆ, ಓದಿದಾಗೆಲ್ಲ ಬೇಜಾರಾಗುತ್ತೆ.

ಹಳಗನ್ನಡದ ಹಾದಿ:

ಪುಟಕಿಂಡಿಯವರೇ, ನೀವು ಕೇಳಿದ ಅಚ್ಚಗನ್ನಡದ ಪದ ಇದೆ. ‘ಬಿರ್ದು’. ನೆಂಟರು ಇಷ್ಟರನ್ನು ಕರೆದು ಹಾಕುವ ಊಟ ಬಿರ್ದು, ಹಾಗೆ ಬಂದ ಅತಿಥಿ ‘ಬಿದ್ದಿನ’. ಇವತ್ತು ಯಾರೂ ಬಳಸುವುದಿಲ್ಲ, ಆದರೆ ಇದರ ಅಣ್ಣತಮ್ಮಂದಿರು ಪಕ್ಕದ ಮನೆಗಳಲ್ಲಿ ಗಟ್ಟಿಮುಟ್ಟಾಗಿದ್ದಾರೆ. ತಮಿಳಿನ ‘ವಿರುಂದು’, ತೆಲುಗಿನ ‘ವಿಂದು’. ತಮಿಳರ ಮದುವೆ ಮನೆಗೆ ಹೋದವರು ವಿರುಂದು ಕೇಳಿಯೇ ಇರುತ್ತೀರಿ, ತೆಲುಗಿನವರ ವಿಂದು ಭೋಜನವೂ ಪರಿಚಯ ಇರುತ್ತದೆ.

ಇವು ಒಂದೇ ಪದ ಅಂತ ಹೇಗೆ ಹೇಳುವುದು ಅಂದರೆ, ಇದೇ ಅಚ್ಚಿನಲ್ಲಿ ಬಂದ ಬೇರೆ ಪದಗಳಿವೆ. ಔಷಧಿಗೆ ತಮಿಳಿನಲ್ಲಿ ಮರುಂದು, ಹಳಗನ್ನಡದಲ್ಲಿ ಮರ್ದು, ಈಗ ಮದ್ದು, ತೆಲುಗಲ್ಲಿ ಮಂದು. ಹದ್ದು ಅನ್ನುವ ಹಕ್ಕಿಗೆ ತಮಿಳಿನಲ್ಲಿ ಪರುಂದು, ಹಳಗನ್ನಡದಲ್ಲಿ ಪರ್ದು, ಈಗ ಹದ್ದು. ಹಾಗೆಯೇ ವಿರುಂದು, ಬಿರ್ದು, ಬಿದ್ದು, ವಿಂದು. ತಮಿಳಿನ ‘ವ’ ನಮ್ಮಲ್ಲಿ ‘ಬ’ ಆಗುವುದಂತೂ ಎಲ್ಲರಿಗೂ ಗೊತ್ತು, ವಾ ಎಂದರೆ ಬಾ, ವೇರ್ ಎಂದರೆ ಬೇರು, ವಿಲ್ ಎಂದರೆ ಬಿಲ್ಲು. ಮದ್ದು ಉಳಿಯಿತು, ಹದ್ದು ಉಳಿಯಿತು, ಈ ಬಿದ್ದು ಮಾತ್ರ ಉಳಿಯಲಿಲ್ಲ. ‘ಬೀಳು’ವಿನ ‘ಬಿದ್ದು’ ದಿನಕ್ಕೆ ನೂರು ಸಲ ಬಾಯಿಗೆ ಬರುವ ಪದ, ಎರಡೂ ಒಂದೇ ಸದ್ದಾದ ಮೇಲೆ ಊಟದ ಬಿದ್ದು ಹಿಂದೆ ಸರಿದು ಆ ಜಾಗಕ್ಕೆ ಔತಣ ಬಂದು ಕೂತಿತು ಅಂತ ನನ್ನ ಊಹೆ.

ಇದರ ಅರ್ಥ ಇನ್ನೂ ಚೆಂದ. ತಮಿಳಿನಲ್ಲಿ ವಿರುಂದು ಅಂದರೆ ಮೊದಲು ‘ಹೊಸತು’, ತಮಿಳಿನ ಹಳೆಯ ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂನಲ್ಲಿ ಆ ಅರ್ಥದಲ್ಲೇ ಇದೆ. ಆಮೇಲೆ ಹೊಸದಾಗಿ ಬಂದವನು, ಅಂದರೆ ಅತಿಥಿ. ಆಮೇಲೆ ಅವನಿಗಾಗಿ ಮಾಡಿದ ಊಟ. ತಿರುವಳ್ಳುವರರ ತಿರುಕ್ಕುರಳಿನ 133 ಅಧ್ಯಾಯಗಳಲ್ಲಿ ಒಂಬತ್ತನೆಯದು ಪೂರ್ತಿ ಇದರ ಬಗ್ಗೆಯೇ, ವಿರುಂದೋಂಬಲ್, ಅತಿಥಿಯನ್ನು ಪಾಲಿಸುವುದು. ಅದರ ಕೊನೆಯ ಕುರಳಿನಲ್ಲಿ ಒಂದು ಮಾತಿದೆ, ಅನಿಚ್ಚ ಅನ್ನುವ ಹೂವು ಮೂಸಿದರೆ ಬಾಡುತ್ತದೆ, ಕರೆದವರು ಮುಖ ಕೆಡಿಸಿಕೊಂಡು ನೋಡಿದರೇ ಅತಿಥಿ ಬಾಡುತ್ತಾನೆ ಅಂತ. ಎಷ್ಟು ಖರ್ಚು ಮಾಡಿ ಏನೇನು ಬಡಿಸಿದರೂ ಮುಖ ಸರಿ ಇಲ್ಲದಿದ್ದರೆ ಮುಗಿಯಿತು. ಇದಕ್ಕಿಂತ ಸೂಕ್ಷ್ಮವಾಗಿ ಈ ವಿಷಯ ಹೇಳಿದ್ದನ್ನು ನಾನು ಓದಿಲ್ಲ.

ನಿಮ್ಮ ಕಥೆಯಲ್ಲಿ ಬಿರ್ದು ಬಳಸಬೇಡಿ ಅನ್ನುತ್ತೇನೆ. ಓದುಗ ಅಲ್ಲೇ ಎಡವುತ್ತಾನೆ. ಪಾತ್ರದಲ್ಲಿ ಯಾರಾದರೂ ಪಂಡಿತರಿದ್ದರೆ ಅವರ ಬಾಯಲ್ಲಿ ಒಂದು ಸಲ ಬರಲಿ.

ಪುಟಕಿಂಡಿ:

ಪಂಡಿತರು ಇದಾರೆ ಕಥೆಯಲ್ಲಿ, ಒಬ್ರು ಜೋಯಿಸರು! ಅವರ ಬಾಯಿಗೆ ಹಾಕ್ತೀನಿ.

ಉಳಿದಿರೋದು ಒಂದೇ, ಆ ಲಂಚದ ವಾಸನೆ ವಿಷಯ. ಉತ್ತರ ಕರ್ನಾಟಕದೋರಿಗೆ ಇಲ್ಲ ಅಂದ್ರೂ ಬೆಂಗಳೂರಲ್ಲಿ ಓದೋರಿಗೆ ಬರುತ್ತಲ್ಲ?

ಅಕ್ಷರ ಅಲೆಮಾರಿ:

ಬರುತ್ತೆ, ಆದ್ರೆ ವಾಸನೆ ಪದದ್ದಲ್ಲ, ಪಕ್ಕದಲ್ಲಿರೋ ಪದಗಳದ್ದು. ಯಾರು ಯಾರಿಗೆ ಮಾಡ್ತಾರೆ ಅನ್ನೋದ್ರ ಮೇಲೆ ಹೋಗುತ್ತೆ. ‘ಗುತ್ತಿಗೆದಾರರಿಂದ ಅಧಿಕಾರಿಗಳಿಗೆ ಮೇಜವಾನಿ’ ಅಂದ್ರೆ ವಾಸನೆ ಬಂದೇ ಬರುತ್ತೆ, ಅಲ್ಲಿ ಔತಣ ಹಾಕಿದ್ರೂ ಬರುತ್ತೆ. ‘ಪೊಲೀಸರ ಆತಿಥ್ಯ’ ಅಂದಾಗ ಆತಿಥ್ಯದಂಥ ಪದವೇ ಲಾಠಿ ಏಟು ಅಂತ ಆಗಲ್ವಾ. ಹಂಗಂತ ಆತಿಥ್ಯವನ್ನ ಬಿಟ್ಟುಬಿಟ್ವಾ?

ಚುನಾವಣೆ ಸುದ್ದಿಯಲ್ಲಿ ಈ ಪದ ಜಾಸ್ತಿ ಬರೋದಕ್ಕೆ ಒಂದು ಗಟ್ಟಿ ಕಾರಣ ಇದೆ. ಮತದಾರರಿಗೆ ಊಟ, ಕುಡಿತ, ಮನರಂಜನೆ ಒದಗಿಸೋದು ಕಾನೂನಿನಲ್ಲೇ ಲಂಚದ ಒಂದು ಬಗೆ. ಹಳೇ ಭಾರತೀಯ ದಂಡ ಸಂಹಿತೆಯ 171ಇ ಕಲಮಿನಲ್ಲಿ ಇದನ್ನ ‘ಟ್ರೀಟಿಂಗ್’ ಅಂತ ಬೇರೆ ಹೆಸರಿಟ್ಟೇ ಹೇಳಿತ್ತು, ದುಡ್ಡು ಕೊಟ್ಟ ಲಂಚಕ್ಕೆ ಜೈಲು ಇರಬಹುದು, ಉಣಿಸಿದ ಲಂಚಕ್ಕೆ ದಂಡ ಮಾತ್ರ ಅಂತ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಅಪರಾಧ ಮುಂದುವರಿದಿದೆ. ವರದಿಗಾರರಿಗೆ ಇದನ್ನ ಒಂದೇ ಪದದಲ್ಲಿ ಹೇಳ್ಬೇಕು, ಊಟ ಅಂದ್ರೆ ಸಾಲಲ್ಲ, ಔತಣ ಅಂದ್ರೆ ಮರ್ಯಾದೆ ಜಾಸ್ತಿ ಆಯ್ತು, ತಿನ್ಸಿ ಕುಡ್ಸಿ ಕುಣಿಸಿದ್ದೆಲ್ಲ ಒಟ್ಟಿಗೆ ಹಿಡಿಯೋದು ಮೇಜವಾನಿ ಒಂದೇ. ಪದದ ಹರವು ದೊಡ್ಡದಿರೋದ್ರಿಂದಲೇ ಅವರ ಕೈಗೆ ಸಿಕ್ತು, ನಿಮಗೆ ಬೇಕಾಗಿರೋದೂ ಅದೇ ಹರವು. ಧೈರ್ಯವಾಗಿ ಬಳಸಿ, ‘ಭರ್ಜರಿ’ ಮಾತ್ರ ಬಿಡಿ, ಆ ಜೋಡಿ ಪೇಪರಿನೋರಿಗೆ ಸೇರಿಹೋಗಿದೆ.

ಬೆಳವಲದ ಗಾಳಿ:

ಖರೆ ಐತಿ, ‘ಭರ್ಜರಿ’ ತಗೀರಿ. ಇನ್ನೊಂದು ಮಾತು, ಮೇಜವಾನಿ ಅಂದಮ್ಯಾಲ ಯಾರ ಮನ್ಯಾಗ ಅನ್ನೂದು ಜೋಡಿಗೇ ಹೇಳ್ರಿ. ‘ಗೌಡ್ರ ಮನ್ಯಾಗ ನಾಲ್ಕ ದಿನ ಮೇಜವಾನಿ ನಡೀತು’ ಅಂದ್ರ ಓದವ್ರಿಗೆ ಮನಿ, ಮಂದಿ, ಒಲಿ ಎಲ್ಲಾ ಕಾಣ್ತೈತಿ. ‘ಗೌಡ್ರು ಅವ್ರಿಗೆ ಮೇಜವಾನಿ ಕೊಟ್ರು’ ಅಂದ್ರ ಮತ್ತ ಅಧಿಕಾರಿಗಳು ನೆನಪಾಗ್ತಾರ. ನಿಮ್ಮ ಜಮೀನ್ದಾರ ನಮ್ಮ ಕಡೆಯವ ಇದ್ರ ‘ಬರ್ರಿ, ಊಟಕ್ಕ ಏಳ್ರಿ’ ಅಂತಾನ, ತನ್ನ ಬಾಯಿಲೆ ಎಂದೂ ‘ನಾ ಮೇಜವಾನಿ ಮಾಡೇನಿ’ ಅನ್ನೂದಿಲ್ಲ. ಆ ಪದ ಉಂಡು ಹೋದವ್ರ ಬಾಯಾಗ ಬರಬೇಕು, ಅವ್ರು ಊರಿಗೆ ಹೋಗಿ ಹೇಳಬೇಕು.

ಪುಟಕಿಂಡಿ:

ಇದನ್ನ ಯಾವ ನಿಘಂಟಲ್ಲೂ ಕಾಣ್ತಿರ್ಲಿಲ್ಲ. ನಾನು ಬರೆದಿರೋ ಕರಡಲ್ಲಿ ಜಮೀನ್ದಾರನೇ ಎರಡು ಸಲ ಆ ಪದ ಹೇಳ್ತಾನೆ, ಎರಡನ್ನೂ ತೆಗೆದು ನೆಂಟರ ಮಾತಿಗೆ ಹಾಕ್ತೀನಿ. ಬೆಳವಲದ ಗಾಳಿ ಅವರೇ, ಆ ಭಾಗ ತಿದ್ದಿ ಕಳಿಸಿದ್ರೆ ಒಂದ್ಸಲ ಓದಿ ನೋಡ್ತೀರಾ?

ಬೆಳವಲದ ಗಾಳಿ:

ಅವಶ್ಯ ಕಳಸ್ರಿ.